ಸಂಬಳಕ್ಕೆ ದಾಖಲೆ, ಮನೆಗೆಲಸಕ್ಕೆ ಬರೀ ಮಾತು

ಇಲ್ಲಿ ಜಪಾನಿನಲ್ಲಿ, ಇಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಚೇರಿಯ ಗೆಳತಿ ನನ್ನೆದುರೇ ಮೊಬೈಲಿನಿಂದ ಮದುವೆಗೆ ಜೋಡಿ ಹುಡುಕುವ ಆ್ಯಪನ್ನು ಅಳಿಸಿಹಾಕಿದಳು. ಕೆಲಸವನ್ನು ಪ್ರಾಣದಂತೆ ಪ್ರೀತಿಸುವವಳು. ಆ್ಯಪಿನ ಮೂಲಕ ಭೇಟಿಯಾದ ಗಂಡು, ಮದುವೆಯಾದ ಮೇಲೆ ಅರೆಕಾಲಿಕ ಕೆಲಸ ಸಾಕಲ್ಲವೇ ಎಂದನಂತೆ. ಮನೆಗೆಲಸ, ಮಕ್ಕಳ ಪಾಲನೆಯ ಬಗ್ಗೆ ಆ್ಯಪಿನಲ್ಲಿದ್ದ ಪ್ರಶ್ನೆಗೆ ಅವನು ಆರಿಸಿಕೊಂಡಿದ್ದ ಉತ್ತರ: ‘ಉತ್ಸಾಹದಿಂದ ಪಾಲ್ಗೊಳ್ಳುತ್ತೇನೆ’. ಆಗಿನಿಂದ ನನಗೆ ಸಿಟ್ಟು ಇಳಿದಿಲ್ಲ.

2024ರಲ್ಲಿ ಟೋಕಿಯೊ ಆಡಳಿತವೇ ‘ಟೋಕಿಯೊ ಎನ್‌ಮುಸುಬಿ’ ಎಂಬ ಇಂಥದೊಂದು ಆ್ಯಪ್ ತಂದಿತು. ಅವಿವಾಹಿತರೆಂಬುದಕ್ಕೆ ಪ್ರಮಾಣಪತ್ರ, ಆದಾಯಕ್ಕೆ ತೆರಿಗೆಯ ದಾಖಲೆ, ಮೇಲೊಂದು ಸಂದರ್ಶನ. ಮೋಸ ತಡೆಯಲು ಇವೆಲ್ಲ ಬೇಕು, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು, ಜ್ವರ ಬಂದ ಮಗುವಿಗಾಗಿ ರಜೆ ಹಾಕುವವರು ಯಾರು ಎಂಬುದಕ್ಕೆ ಯಾವ ದಾಖಲೆಯಿದೆ? ಗಂಡಿನ ಬಾಯಿಮಾತನ್ನೇ ನಂಬಬೇಕು.

ಆ ಮಾತಿನ ಬೆಲೆಯನ್ನು ಸರ್ಕಾರದ 2021ರ ಸಮೀಕ್ಷೆಯೇ ಹೇಳಿದೆ. ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಮನೆಗೆಲಸಕ್ಕೂ ಮಕ್ಕಳ ಪಾಲನೆಗೂ ಹೆಂಡತಿ ಕೊಡುವುದು ದಿನಕ್ಕೆ 7 ಗಂಟೆ 28 ನಿಮಿಷ. ಗಂಡ 1 ಗಂಟೆ 54 ನಿಮಿಷ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರ ನಂತರ ಮಲಗುತ್ತಿದ್ದ ನನ್ನ ಅಮ್ಮನನ್ನು ಕಂಡು ಬೆಳೆದವಳು ನಾನು. ಈ ಅಂಕಿಗಳನ್ನು ತಣ್ಣಗೆ ಓದಲು ನನ್ನಿಂದಾಗದು.

ಹೆಣ್ಣುಮಕ್ಕಳೂ ಸಂಬಳ ನೋಡಿಯೇ ಗಂಡನ್ನು ಆರಿಸುತ್ತಾರಲ್ಲ ಎನ್ನುವವರಿದ್ದಾರೆ. ನೋಡದೆ ಏನು ಮಾಡಬೇಕು? ಹೆರಿಗೆಯ ನಂತರ ಕೆಲಸ ಬಿಟ್ಟವಳಿಗೆ ಹೆಚ್ಚಾಗಿ ಸಿಗುವುದು ಅರೆಕಾಲಿಕ ಕೆಲಸ. ಅಲ್ಲಿಯೂ ದುಡಿಮೆ ವರ್ಷಕ್ಕೆ 13 ಲಕ್ಷ ಯೆನ್ ಮುಟ್ಟಿದರೆ ಗಂಡನ ಆರೋಗ್ಯ ವಿಮೆಯ ಆಸರೆ ತಪ್ಪಿ, ವಿಮೆ, ಪಿಂಚಣಿಯ ಕಂತನ್ನು ತಾನೇ ಕಟ್ಟಬೇಕು. ಅದಕ್ಕೆಂದೇ ಎಷ್ಟೋ ಹೆಂಗಸರು ಕೆಲಸದ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ದುಡಿಯಬಲ್ಲವಳನ್ನು ಹೀಗೆ ಕಟ್ಟಿಹಾಕಿ, ಆಮೇಲೆ ಹಣದಾಸೆಯವಳು ಎಂದು ದೂರುವುದು ಅನ್ಯಾಯ.

ಇನ್ನು ಹೆಸರು. ಜಪಾನೀ ದಂಪತಿಗೆ ಒಂದೇ ಕುಟುಂಬನಾಮ ಇರಬೇಕೆಂದು ನಾಗರಿಕ ಸಂಹಿತೆಯ 750ನೇ ವಿಧಿ ಹೇಳುತ್ತದೆ. ಯಾರದಾದರೂ ಆಗಬಹುದು, ಆದರೆ ನೂರರಲ್ಲಿ ಸುಮಾರು 95 ಮದುವೆಗಳಲ್ಲಿ ಬಿಟ್ಟುಕೊಡುವವಳು ಹೆಣ್ಣು. 2015ರಲ್ಲೂ 2021ರಲ್ಲೂ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು.

2024ರಲ್ಲಿ ಈ ದೇಶದಲ್ಲಿ ಹುಟ್ಟಿದ ಜಪಾನೀ ಮಕ್ಕಳು ಏಳು ಲಕ್ಷಕ್ಕಿಂತ ಕಡಿಮೆ. ಮಂತ್ರಿಗಳಿಗೆ ಆತಂಕ, ಸರಿಯೇ. ಹಾಗಿದ್ದರೆ ಗಂಡಿನ ಸಂಬಳದ ಚೀಟಿಯ ಜೊತೆಗೆ ಅವನ ಕಂಪನಿಯನ್ನೂ ಕರೆಸಿ ಕೇಳಲಿ: ಮಗು ಹುಟ್ಟಿದ ಮೇಲೆ ಇವನನ್ನು ಸಂಜೆ ಎಷ್ಟು ಗಂಟೆಗೆ ಮನೆಗೆ ಬಿಡುತ್ತೀರಿ?