ಕೊಡಗಿನ ಕ್ರೈಸ್ತ ಸೇವೆಯ ಕುರಿತ ಒಂದು ಸ್ಪಷ್ಟನೆ

‘ಚರ್ಚಿನ ಗೋಡೆಯಾಚೆಗಿನ ಕ್ರೈಸ್ತ ಸೇವೆ ಕೊಡಗಿನಲ್ಲಿ ಶುರುವಾದದ್ದೇ 2018ರ ಆಗಸ್ಟ್ ಭೂಕುಸಿತದ ನಂತರ, ಅದೂ ಪರಿಹಾರದ ನೆಪದಲ್ಲಿ’ ಎಂಬ ಸಂದೇಶವೊಂದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಇತಿಹಾಸ 1792ರಷ್ಟು ಹಿಂದಿನದು. ಆಶ್ರಯ ಅರಸಿ ಬಂದ ಕ್ರೈಸ್ತರಿಗೆ ನೆಲೆ ಕೊಟ್ಟವರು ದೊಡ್ಡ ವೀರರಾಜೇಂದ್ರ ಅರಸರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು, ಅಮ್ಮತ್ತಿ ಸಮೀಪದ ಆನಂದಪುರದಲ್ಲಿ ದಲಿತ ಕುಟುಂಬಗಳ ನಡುವೆ ಕೆಲಸ ಮಾಡಿದರು. ಅದೇ ಮಿಷನ್ನಿನ ರಿಕ್ಟರ್ ಮಡಿಕೇರಿಯಲ್ಲಿ ಶಾಲೆ ನಡೆಸಿದರು. ಮೊಗ್ಲಿಂಗರ ಉದ್ದೇಶದಲ್ಲಿ ಮತಪ್ರಚಾರವೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ, ಮುಚ್ಚಿಡಲೂಬಾರದು.

ಕ್ರೈಸ್ತರು ಜನರ ಮನೆಬಾಗಿಲಿಗೆ ಹೋಗುವುದೇ ಅಪರಾಧವೆಂಬ ಮಾತೂ ಆ ಸಂದೇಶದಲ್ಲಿದೆ. ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ನೀಡಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಈ ಎರಡನೆಯ ಮಾತನ್ನು ಕ್ರೈಸ್ತರಾದ ನಮ್ಮವರೂ ನೆನಪಿಡಬೇಕು.

ನಮ್ಮ ಕ್ರೈಸ್ತ ಸಭೆಯವರು ಮಳೆಗಾಲದಲ್ಲಿ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಿಗೆ ಕಂಬಳಿ, ಅಕ್ಕಿ ಒಯ್ಯುತ್ತಾರೆ; ಕೂಲಿ ತಪ್ಪಿದ ವಾರ ಜ್ವರದಲ್ಲಿ ಮಲಗಿದವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮನೆಯವರು ಕೇಳಿಕೊಂಡರಷ್ಟೇ ಪ್ರಾರ್ಥನೆ. ಅಕ್ಕಿ ಕೊಡುವಾಗ ಯಾರ ಜಾತಿ, ಧರ್ಮವನ್ನೂ ವಿಚಾರಿಸುವುದಿಲ್ಲ. ಸಂದೇಶವನ್ನು ಹಂಚಿಕೊಂಡವರು ಈ ಸ್ಪಷ್ಟನೆಯನ್ನೂ ಅದೇ ಗುಂಪುಗಳಿಗೆ ಕಳುಹಿಸಬೇಕೆಂದು ವಿನಂತಿಸುತ್ತೇವೆ.