ಸತ್ಯಾಂಶ: ಗೋತ್ರ ಇರುವುದು ವೈ ಕ್ರೋಮೋಸೋಮಿನಲ್ಲೇ?

ಗೋತ್ರವೆಂದರೆ ವೈ ಕ್ರೋಮೋಸೋಮ್ (ಗಂಡಸರಲ್ಲಿ ಮಾತ್ರ ಇರುವ, ಜೀನ್‌ಗಳನ್ನು ಹೊತ್ತ ಎಳೆ), ಸಗೋತ್ರ ಮದುವೆಯಾದರೆ ಅದು ದುರ್ಬಲವಾಗಿ ಮಕ್ಕಳಿಗೆ ಕಾಯಿಲೆ ಬರುತ್ತದೆ. ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಹಳೆಯ ಸಂದೇಶದ ಸಾರ ಇಷ್ಟು.

ಇದರಲ್ಲಿ ನಿಜವೂ ಬೆರೆತಿದೆ, ಅದಕ್ಕೇ ನಂಬಿಕೆ ಹುಟ್ಟುತ್ತದೆ. ವೈ ತಂದೆಯಿಂದ ಮಗನಿಗೆ ಹೋಗುತ್ತದೆ. ಅದರ ಸುಮಾರು 95% ಭಾಗ ಅದರ ಜೋಡಿಯಾದ ಎಕ್ಸ್ ಕ್ರೋಮೋಸೋಮ್ ಜೊತೆ ಅದಲುಬದಲಾಗುವುದಿಲ್ಲ. ಅದಲುಬದಲಾಗುವುದು ಎರಡು ತುದಿಗಳು ಮಾತ್ರ. ಎತ್ತರಕ್ಕೆ ಸಂಬಂಧಿಸಿದ ಶಾಕ್ಸ್ ಜೀನ್ ಅಂಥ ಒಂದು ತುದಿಯಲ್ಲಿದೆ, ಎಕ್ಸ್‌ನಲ್ಲೂ ಅದರ ಪ್ರತಿಯಿದೆ. ಹಾಗಾಗಿ ತಂದೆಯ ವೈ ಮೇಲಿದ್ದ ಶಾಕ್ಸ್ ಅದಲುಬದಲಾಗಿ ಎಕ್ಸ್ ಮೇಲೆ ಬಂದು ಮಗಳಿಗೂ ದಾಟಬಹುದು!

ತಪ್ಪಿರುವುದು ಮುಂದಿನ ಹೆಜ್ಜೆಯಲ್ಲಿ. ವಧುವಿಗೆ ವೈ ಇಲ್ಲವೇ ಇಲ್ಲ. ಅವಳು ಯಾವ ಗೋತ್ರದವಳಾದರೂ ಮಗನಿಗೆ ಸಿಗುವುದು ವರನ ವೈ. ಕಾಗದದ ಮೇಲೆ ತಾಯಿಗೆ ಎಕ್ಸ್‌ಎಕ್ಸ್, ತಂದೆಗೆ ಎಕ್ಸ್‌ವೈ ಎಂದು ಬರೆದು, ಇಬ್ಬರಿಂದ ಒಂದೊಂದು ಅಕ್ಷರ ಸೇರಿಸಿ ನಾಲ್ಕು ಮನೆ ತುಂಬಿಸಿ ನೋಡಿ: ವೈ ಬರುವುದು ತಂದೆಯಿಂದ ಮಾತ್ರ.

ಹತ್ತಿರದ ಸಂಬಂಧದ ಅಪಾಯ ಬೇರೆ ಕಡೆಯಿದೆ. ಮರೆಯಲ್ಲಿರುವ ದೋಷದ ಜೀನ್‌ಗಳು ಹೆಚ್ಚಾಗಿ ಎಕ್ಸ್, ವೈ ಬಿಟ್ಟು ಉಳಿದ 22 ಜೋಡಿ ಕ್ರೋಮೋಸೋಮ್‌ಗಳಲ್ಲಿವೆ. ಅದೇ ದೋಷ ತಂದೆತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಕಾಯಿಲೆ. ನಮ್ಮಲ್ಲಿ ಸೋದರಮಾವನನ್ನು ಮದುವೆಯಾಗುವ ರೂಢಿಯಿದೆ. ಅಲ್ಲಿ ಗೋತ್ರ ಬೇರೆ, ಆದರೆ ಇಬ್ಬರಲ್ಲೂ ಸರಾಸರಿ ನಾಲ್ಕನೇ ಒಂದು ಭಾಗ ಜೀನ್‌ಗಳು ಒಂದೇ. ಮಾವನ ಮಗಳಾದರೆ ಎಂಟನೇ ಒಂದು.

ಸಂದೇಶದಲ್ಲಿ ಯಾವುದಾದರೂ ಕಾಯಿಲೆಯ ಹೆಸರಿದ್ದರೆ ಅದರ ಜೀನ್ ಎಲ್ಲಿದೆಯೆಂದು ಸಾರ್ವಜನಿಕ ಜೀನ್ ಮಾಹಿತಿ ಸಂಗ್ರಹದಲ್ಲಿ (ಡೇಟಾಬೇಸ್) ಹುಡುಕಿ. ಜೀನ್ ವಿಳಾಸದ ಮೊದಲಲ್ಲಿರುವ ಸಂಖ್ಯೆಯೇ ಕ್ರೋಮೋಸೋಮ್. ರಕ್ತಹೀನತೆ ತರುವ ಬೀಟಾ ಥಲಸ್ಸೀಮಿಯಾದ ಜೀನ್‌ಗೆ ಅದು 11. ಅದರ ವಾಹಕರೇ (ದೋಷದ ಒಂದು ಪ್ರತಿ ಹೊತ್ತವರೇ) ಎಂಬುದು ಮದುವೆಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಗೋತ್ರ ಕೇಳಿದರೆ ತಿಳಿಯುವುದಿಲ್ಲ.