ಡೆಮೋ ಕೋಟ್ಯಧಿಪತಿಗಳ ಬಡಾವಣೆ

ನಮ್ಮ ರಾಜಾಜಿನಗರದಲ್ಲಿ ಈಚೆಗೆ ಕೋಟ್ಯಧಿಪತಿಗಳು ಜಾಸ್ತಿಯಾಗಿದ್ದಾರೆ. ಸಾಲ ಕೇಳೋಕೆ ಹೋಗಬೇಡಿ, ಅವರದ್ದೇ ಬಾಡಿಗೆ ಬಾಕಿ ಇದೆ. ಕೋಟಿ ಇರುವುದು ಫೋನಿನ ಡೆಮೋ ಖಾತೆಯಲ್ಲಿ, ಅಂದರೆ ಸುಳ್ಳು ದುಡ್ಡಲ್ಲಿ ಷೇರುಪೇಟೆ ವ್ಯಾಪಾರ ಕಲಿಯುವ ಆಪ್‌ನಲ್ಲಿ.

ಆಪ್ ಹಾಕಿಕೊಂಡು ಮೊಬೈಲ್ ನಂಬರ್ ಕೊಟ್ಟರೆ ಸಾಕು, ಹತ್ತು ಲಕ್ಷ ಪುಕ್ಕಟೆ. ನೋಟಲ್ಲ, ಬರೀ ಅಂಕಿ. ಅದರಲ್ಲೇ ನಿಫ್ಟಿ ಆಪ್ಷನ್, ಅಂದರೆ ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಏರುತ್ತೋ ಇಳಿಯುತ್ತೋ ಅನ್ನೋದರ ಮೇಲಿನ ಪಂಥ, ಕೊಳ್ಳಬಹುದು, ಮಾರಬಹುದು. ಕನ್ನಡಿಯೊಳಗಿನ ಗಂಟಿಗೆ ಈಗ ಪಾಸ್‌ವರ್ಡ್ ಬೇರೆ ಬಂದಿದೆ. ಕಲಿಯೋದು ತಪ್ಪು ಅಂತ ನಾನು ಹೇಳಲ್ಲ. ಏರಿಕೆಗೆ ಕಟ್ಟುವ ಕಾಲ್ ಯಾವುದು, ಇಳಿಕೆಗೆ ಕಟ್ಟುವ ಪುಟ್ ಯಾವುದು, ಎಕ್ಸ್‌ಪೈರಿ (ವಾಯಿದೆ ಮುಗಿಯುವ ದಿನ) ಹತ್ತಿರ ಬಂದಂತೆ ಪ್ರೀಮಿಯಂ (ಆಪ್ಷನ್ನಿನ ಬೆಲೆ) ಹೇಗೆ ಕರಗುತ್ತೆ ಅಂತ ಕೈಸುಟ್ಟುಕೊಳ್ಳದೆ ತಿಳಿಯಬಹುದು. ತೊಂದರೆ ಶುರುವಾಗೋದು ಕಲಿಯುವವನಿಗೆ ಲಾಭ ಬಂದಾಗ.

ಎದುರುಮನೆ ಹುಡುಗ ಮೊನ್ನೆ ದರ್ಶಿನಿಯಲ್ಲಿ ಸಿಕ್ಕಿದ. ಕಾಫಿ ಬೈಟು, ಆಪ್ಷನ್ ಮಾತ್ರ ಐವತ್ತು ಲಾಟ್. ನೋಡನೋಡುತ್ತಿದ್ದಂತೆ ಬೆಲೆ ಅರ್ಧಕ್ಕೆ ಬಿತ್ತು. ಅವನು ಲೋಟ ಕೆಳಗಿಡಲಿಲ್ಲ.

‘ಭಯ ಆಗಲ್ವೇನೋ?’ ಅಂದೆ.

‘ಟ್ರೇಡಿಂಗ್ ಅಂದ್ರೆ ಧೈರ್ಯ ಬೇಕು ಅಂಕಲ್’ ಅಂದ.

ಕಾಫಿ ಮುಗಿಯುವ ಹೊತ್ತಿಗೆ ದುಡ್ಡೂ ಮುಗಿದಿತ್ತು. ‘ರೀಸೆಟ್’ ಒತ್ತಿದ. ಹತ್ತು ಲಕ್ಷ ವಾಪಸ್! ಅದೇ ಫೋನಿನಲ್ಲಿ ಕಾಫಿ ದುಡ್ಡು ಕಳಿಸೋಕೆ ಹೋದ, ಬ್ಯಾಲೆನ್ಸ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನೇ ಕೊಟ್ಟೆ.

ಡೆಮೋದಲ್ಲಿ ಸಾಮಾನ್ಯವಾಗಿ ಪರದೆ ಮೇಲೆ ಕಂಡ ಬೆಲೆಗೇ ಕೆಲಸ ಆಗಿಬಿಡುತ್ತೆ. ನಿಜದ ಪೇಟೆಯಲ್ಲಿ ಕೊಳ್ಳುವವನ ರೇಟು ಒಂದು, ಮಾರುವವನ ರೇಟು ಇನ್ನೊಂದು, ನಡುವಿನ ನಷ್ಟ ಆತುರಗಾರನದ್ದು. ಮೇಲೆ ಬ್ರೋಕರೇಜ್, ಎಸ್‌ಟಿಟಿ ಅನ್ನೋ ವಹಿವಾಟು ತೆರಿಗೆ, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇಂಥ ವರ್ಚುವಲ್ ಟ್ರೇಡಿಂಗ್ ಆಟಗಳಿಗೆ ಆ ಕ್ಷಣದ ದರ ಕೊಡಬೇಡಿ ಅಂತ ಷೇರುಪೇಟೆ ನಿಯಂತ್ರಕ ಸೆಬಿ 2024ರ ಮೇ ತಿಂಗಳಲ್ಲೇ ಹೇಳಿತು. 2025ರ ಜನವರಿಯಲ್ಲಿ ಪಾಠ ಹೇಳುವವರಿಗೂ ಕಡಿವಾಣ ಬಿತ್ತು, ಮೂರು ತಿಂಗಳ ಹಿಂದಿನ ದರ ಇಟ್ಟುಕೊಂಡು ಪಾಠ ಮಾಡಿ ಅಂತ. ಗುರುಗಳಿಗೇನು ಬೇಜಾರಿಲ್ಲ ಬಿಡಿ. ಮೂರು ತಿಂಗಳ ಹಿಂದೆ ಏನಾಯ್ತು ಅಂತ ಗೊತ್ತಿದ್ದ ಮೇಲೆ ಯಾವ ಗುರು ಸೋಲ್ತಾನೆ? ಫೀಸು ಮಾತ್ರ ಇವತ್ತಿನ ದರದಲ್ಲೇ.

ಇನ್ನು ಮಂಗಳವಾರದ ಕಥೆ. ನಿಫ್ಟಿ ಆಪ್ಷನ್‌ಗಳ ವಾರದ ಎಕ್ಸ್‌ಪೈರಿ 2025ರ ಆಗಸ್ಟ್‌ವರೆಗೆ ಗುರುವಾರ ಇತ್ತು. ರಾಯರ ಮಠಕ್ಕೆ ಹೋಗಿ ಬಂದು ಲಾಗಿನ್ ಆಗುವ ಅನುಕೂಲ ಇತ್ತು. ಸೆಪ್ಟೆಂಬರ್‌ನಿಂದ ಅದು ಮಂಗಳವಾರಕ್ಕೆ ಬಂತು. ಪೇಟೆ ಮುಚ್ಚೋದು ಮೂರೂವರೆಗೆ. ಮಂಗಳವಾರ ರಾಹುಕಾಲ ಹಿಡಿಯೋದು ಮೂರಕ್ಕೆ. ಕೊನೆಯ ಲೆಕ್ಕ ಚುಕ್ತಾ ಆಗೋದು ಸರಿಯಾಗಿ ಆ ಅರ್ಧ ಗಂಟೆಯ ಸರಾಸರಿ ಮೇಲೆ! ಸ್ಕೂಟರ್ ಕೊಳ್ಳೋಕೆ ರಾಹುಕಾಲ ನೋಡುವ ಮನೆಗಳಲ್ಲೇ, ರಾಹುಕಾಲದ ನಟ್ಟನಡುವೆ ಪುಟ್ ಹಿಡಿದು ಕೂರುವ ಗಂಡುಮಕ್ಕಳಿದ್ದಾರೆ. ಅತ್ತೆ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ‘ಮನೆಗೆ ಒಳ್ಳೇದಾಗಲಿ ತಾಯಿ’ ಅಂತಾರೆ. ಮನೆಯಲ್ಲಿ ಅಳಿಯ ‘ಇನ್ನೊಂದು ನಲವತ್ತು ಪಾಯಿಂಟ್ ಬೀಳಲಿ ತಾಯಿ’ ಅಂತಾನೆ. ದೇವಿ ಯಾರ ಮಾತು ಕೇಳಬೇಕು ಪಾಪ.

ಡೆಮೋದಿಂದ ಅಸಲಿಗೆ ದಾಟುವಾಗ ಬ್ರೋಕರ್ ಆಪ್ ಒಂದು ಎಚ್ಚರಿಕೆ ತೋರಿಸುತ್ತೆ. ಹತ್ತರಲ್ಲಿ ಒಂಬತ್ತು ಮಂದಿ ಇದರಲ್ಲಿ ದುಡ್ಡು ಕಳೆದುಕೊಂಡಿದ್ದಾರೆ ಅಂತ. ಇದು ಸೆಬಿಯದೇ ಲೆಕ್ಕ. 2024ರ ಅದರ ವರದಿ ಪ್ರಕಾರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಫ್ಯೂಚರ್ಸ್ (ಮುಂದಿನ ದಿನದ ವ್ಯಾಪಾರಕ್ಕೆ ಇವತ್ತೇ ಬೆಲೆ ಕಟ್ಟೋದು) ಮತ್ತು ಆಪ್ಷನ್ಸ್‌ಗೆ ಇಳಿದಿದ್ದರು. ನೂರಕ್ಕೆ 93 ಮಂದಿಗೆ ನಷ್ಟ, ತಲೆಗೆ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಅದಕ್ಕೆ ರೀಸೆಟ್ ಇಲ್ಲ.

ಎಚ್ಚರಿಕೆ ಬಂದಾಗ ನಮ್ಮ ಹುಡುಗರು ‘ಓಕೆ’ ಒತ್ತಿ ಮುಂದೆ ಹೋಗ್ತಾರೆ. ಯಾಕೆ ಅಂದ್ರೆ ಪ್ರತಿಯೊಬ್ಬನೂ ಆ ಹತ್ತನೆಯವನು. ಎದುರುಮನೆಯವನು ಹತ್ತನೆಯವನು. ಮಹಡಿ ಮನೆ ಪಿಜಿ ಹುಡುಗರು ಆರೂ ಮಂದಿ ಹತ್ತನೆಯವರೇ. ಮೆಟ್ರೋದಲ್ಲಿ ನನ್ನ ಹೆಗಲ ಮೇಲೆ ಫೋನಿಟ್ಟು ಚಾರ್ಟ್ ನೋಡ್ತಿದ್ದವನೂ ಅಷ್ಟೇ. ಸೋತ ಆ ಒಂಬತ್ತು ಮಂದಿ ಬೆಂಗಳೂರಲ್ಲಂತೂ ಕಾಣಲಿಲ್ಲ. ಅತ್ತಿಬೆಲೆ ದಾಟಿ ಹೊಸೂರಿನ ಕಡೆ ಇರ್ತಾರೇನೋ, ಆ ಕಡೆ ಹೋದವರು ಸ್ವಲ್ಪ ವಿಚಾರಿಸಿ.